ಹೇಮಾವತಿ ದಂಡೆಯ ಇನ್ನೂರು ಹೆಜ್ಜೆ

ಸಕಲೇಶಪುರದ ಹೊಳೆ ಮಲ್ಲೇಶ್ವರ ದೇವಸ್ಥಾನದ ಆಸುಪಾಸಿನಲ್ಲಿ ಹೇಮಾವತಿಯ ದಂಡೆಗುಂಟ ನಾನು ಕಾಡುಹೂಗಳನ್ನು ಹುಡುಕಿಕೊಂಡು ಓಡಾಡುತ್ತೇನೆ. ಆಷಾಢದಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುವಾಗ ಅತ್ತ ಸುಳಿಯುವುದಿಲ್ಲ. ಶ್ರಾವಣ ಕಳೆಯುತ್ತಾ ಮಳೆ ಬಿಡುವು ಕೊಟ್ಟ ಮೇಲೆ ನನ್ನ ಸುಗ್ಗಿ.

ಮೊದಲ ವರ್ಷ ಉದ್ದಕ್ಕೂ ನಡೆದೆ. ಲಂಟಾನ, ಎಕ್ಕ, ಮುಟ್ಟಿದರೆ ಮುನಿ, ಕಾಂಗ್ರೆಸ್ ಗಿಡ ಎಂದು ಪುಸ್ತಕದಲ್ಲಿ ಬರೆದುಕೊಂಡು, ಪೇಟೆಯ ಪಕ್ಕ ಇನ್ನೇನು ಸಿಕ್ಕೀತು ಎಂದು ಬೇಸರದಿಂದ ಮರಳಿದೆ. ಎರಡನೆಯ ವರ್ಷ ಇನ್ನೂರು ಹೆಜ್ಜೆಯಷ್ಟು ಜಾಗವನ್ನು ಮಾತ್ರ ಆರಿಸಿಕೊಂಡೆ. ವಾರಕ್ಕೊಮ್ಮೆ, ಬೆಳಿಗ್ಗೆ ಒಂಬತ್ತರೊಳಗೆ, ಅದೇ ಜಾಗ. ಹತ್ತು ಹೆಜ್ಜೆಗೊಮ್ಮೆ ಕುಕ್ಕುರುಗಾಲಿನಲ್ಲಿ ಕೂರುವುದು. ಜೇಬಿನಲ್ಲಿ ಸಣ್ಣ ಭೂತಗನ್ನಡಿ. ಕೂತಾಗ ಕಾಣುವ ಹೂ ನಿಂತಾಗ ಕಾಣುವುದಿಲ್ಲ. ಗರುಗದ ಗುಂಡಿಯಂಥ ಬಿಳಿ ಹೂ, ಹೊನಗೊನ್ನೆಯ ಗಿಣ್ಣಿಗಂಟಿದ ಮುದ್ದೆ, ವಿಷ್ಣುಕ್ರಾಂತಿಯ ನೀಲಿ ಚುಕ್ಕೆ, ಎಲ್ಲವೂ ಮೊಣಕಾಲಿಗಿಂತ ಕೆಳಗಿನ ಲೋಕ.

ಅಲ್ಲಿ ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ಮಡಿಲಿನಂಥ ಹಸಿರು ಹಾಳೆಯಿಂದ ಇಣುಕುವ ಒಂದು ನೀಲಿ ಹೂ. ಎರಡು ಎಸಳು ದೊಡ್ಡವು, ಮೂರನೆಯದು ಚಿಕ್ಕದು. ಮಧ್ಯಾಹ್ನ ಹೋದವರಿಗೆ ಅದು ಸಿಗುವುದಿಲ್ಲ, ಅಷ್ಟರಲ್ಲಿ ಕರಗಿದಂತೆ ಮುದುಡಿರುತ್ತದೆ. ಪೂಜೆಗೆ ತುಂಬೆ ಹೂ ಬಿಡಿಸುತ್ತಿದ್ದ ಅಜ್ಜಿಯೊಬ್ಬರನ್ನು ಹೆಸರು ಕೇಳಿದೆ. “ಕನ್ನೆ ಸೊಪ್ಪು ಕಣಮ್ಮ, ಬೇಳೆಗೆ ಹಾಕಿದರೆ ರುಚಿ. ಇದರ ಹೂವನ್ನು ಯಾರು ನೋಡುತ್ತಾರೆ?” ಎಂದರು. ಭೂತಗನ್ನಡಿ ಕೊಟ್ಟೆ. ಬಹಳ ಹೊತ್ತು ಹಿಂದಿರುಗಿಸಲಿಲ್ಲ. ಈ ಗಿಡ ಮಣ್ಣಿನೊಳಗೂ ಹೂ ಬಿಡುತ್ತದೆ ಎಂದು ಓದಿದ್ದೆ. ಬುಡವನ್ನು ಮೆಲ್ಲನೆ ಕೆದಕಿದೆವು; ಬಿಳಿಚಿದ ಕಾಂಡದ ತುದಿಯಲ್ಲಿ ಅಂಥದೊಂದು ಮುಚ್ಚಿದ ಹೂ ಇತ್ತು. ಅದು ಅರಳುವುದೇ ಇಲ್ಲ. ದುಂಬಿಯ ಹಂಗಿಲ್ಲದೆ ತನ್ನಷ್ಟಕ್ಕೆ ಬೀಜ ಕಟ್ಟುತ್ತದೆ. ಮೇಲಿನ ಗಿಡವನ್ನು ದನ ಮೇಯ್ದರೂ ಕೆಳಗೆ ಬೀಜ ಉಳಿಯುತ್ತದಲ್ಲ ಎಂದು ಅಜ್ಜಿಯೇ ಹೇಳಿ, ಮಣ್ಣನ್ನು ಮತ್ತೆ ಮುಚ್ಚಿದರು.

ನಾನು ಹೂ ಕೀಳುವುದಿಲ್ಲ. ಹೂ, ಎಲೆಯ ಬೆನ್ನು, ಗಿಣ್ಣು ಮೂರನ್ನೂ ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತೇನೆ. ಬರೀ ಹೂವಿನ ಚಿತ್ರದಿಂದ ಗುರುತು ಹಿಡಿಯಲು ಹೋಗಿ ಹಲವು ಸಲ ತಪ್ಪಿದ್ದೇನೆ.

ಭಾದ್ರಪದದಲ್ಲಿ ಲಂಟಾನದ ಪೊದೆಯ ಮೇಲೆ ಗೌರಿ ಹೂ ಕಂಡ ದಿನ ಕುಣಿಯುವಷ್ಟು ಸಂತೋಷವಾಗಿತ್ತು. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುವ ಬಳ್ಳಿ. ಬೆಂಕಿಯ ನಾಲಗೆಯಂತೆ ಮೇಲಕ್ಕೆ ಮಡಚಿದ ಎಸಳುಗಳು, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಗೆಡ್ಡೆ ಕಡು ವಿಷ, ಮಕ್ಕಳ ಕೈಗೆ ಸಿಗಬಾರದು. ಮುಂದಿನ ವಾರ ಹೋದಾಗ ಹಬ್ಬಕ್ಕೆಂದು ದಂಡೆಯನ್ನು ಯಂತ್ರದಿಂದ ಸವರಿದ್ದರು. ಬಳ್ಳಿ ತುಂಡಾಗಿ ಒಣಗಿ ಬಿದ್ದಿತ್ತು. ಅಂದು ಏನನ್ನೂ ಬರೆಯದೆ ಮನೆಗೆ ಬಂದೆ.

ಮರುವರ್ಷ ಜೂನ್‌ನಲ್ಲಿ, ಮುಂಗಾರಿನ ಮೊದಲ ಜಡಿಮಳೆಯ ನಂತರ, ಅದೇ ಜಾಗದಲ್ಲಿ ಕೂತು ನೋಡಿದೆ. ಚಿಗುರಿದ ಲಂಟಾನದ ಬುಡದಲ್ಲಿ ಗೇಣುದ್ದದ ಮೊಳಕೆಯೊಂದು ಎದ್ದಿತ್ತು. ಅದರ ತುದಿಯ ಎಲೆ ಆಗಲೇ ಒಂದು ಕಡ್ಡಿಯನ್ನು ಸುತ್ತಿ ಹಿಡಿದಿತ್ತು.