ಕೀ ಕೊಡುವ ಎಚ್‌ಎಂಟಿ ವಾಚು: ಕೊಳ್ಳುವುದು, ಕೂಡಿಡುವುದು, ಬಿಚ್ಚಿ ಸರಿಪಡಿಸುವುದು

ಕೈಗಡಿಯಾರಗಳ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರಲ್ಲಿ ಹಲವರು ಮೊದಲು ಸ್ವಿಸ್ ಹೆಸರುಗಳ ಬೆನ್ನು ಹತ್ತಿ, ಬೆಲೆ ಕೇಳಿ ಹಿಂದೆ ಸರಿಯುತ್ತಾರೆ. ಕರ್ನಾಟಕದಲ್ಲಿ ಕುಳಿತು ಈ ಕೆಲಸ ಕಲಿಯುವವರಿಗೆ ಅದರ ಅಗತ್ಯವೇ ಇಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾಗಿ, ಮುಂದೆ ತುಮಕೂರು, ಶ್ರೀನಗರ ಮತ್ತು ರಾಣಿಬಾಗ್‌ಗಳಿಗೂ ಹಬ್ಬಿದ ಎಚ್‌ಎಂಟಿ ಗಡಿಯಾರ ಕಾರ್ಖಾನೆಗಳಿಂದ ಹೊರಬಂದ ಕೀ ಕೊಡುವ ವಾಚುಗಳು ಇಂದಿಗೂ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಅವುಗಳ ಯಂತ್ರ ಸರಳ, ಬಿಡಿಭಾಗಗಳಿಗೆ ಬರವಿಲ್ಲ, ಕೆಟ್ಟರೆ ಸರಿಮಾಡಿಕೊಡಬಲ್ಲ ರಿಪೇರಿಯವರೂ ಊರೂರಿನಲ್ಲಿ ಇದ್ದಾರೆ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಹಳೆಯ ಮಾದರಿಗಳ ಮೇಲಿನ ಆಸೆ ಹೆಚ್ಚಾಯಿತು. ಅದರ ಜೊತೆಗೆ ಮೋಸವೂ ಹೆಚ್ಚಾಯಿತು. ಆದ್ದರಿಂದ ಕೊಳ್ಳುವ ಮಾತಿನಿಂದಲೇ ಆರಂಭಿಸುವುದು ಸರಿ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಡಯಲನ್ನು, ಯಂತ್ರವನ್ನಲ್ಲ. ಇದು ಹೊಸಬರಿಗೆ ತಲೆಕೆಳಗಾದ ಮಾತಿನಂತೆ ಕಾಣಬಹುದು, ಆದರೆ ಕಾರಣ ಸ್ಪಷ್ಟವಾಗಿದೆ. ಜನತಾ, ಪೈಲಟ್, ಜವಾನ್ ಮುಂತಾದ ಹಲವು ಮಾದರಿಗಳೊಳಗೆ ಕುಳಿತಿರುವುದು 17 ಜುವೆಲ್‌ಗಳ (ಗಾಲಿಗಳ ಮೊನೆ ಕೂರುವ ಪುಟ್ಟ ಕಲ್ಲುಗಳ) 0231 ಎಂಬ ಒಂದೇ ಯಂತ್ರವಾದ್ದರಿಂದ, ಒಂದು ಕೆಟ್ಟರೆ ಮತ್ತೊಂದನ್ನು ತಂದು ಕೂಡಿಸಬಹುದು. ಡಯಲ್ ಹಾಗಲ್ಲ. ಒಮ್ಮೆ ಅದರ ಮೂಲ ಬಣ್ಣವನ್ನು ಕೆರೆದು ಹೊಸ ಬಣ್ಣ ಬಳಿದರೆ ಕಾರ್ಖಾನೆಯ ಕೆಲಸ ಶಾಶ್ವತವಾಗಿ ಹೋಯಿತೆಂದೇ ಅರ್ಥ. ಸಂಗ್ರಾಹಕರು ಬಾಂಬೆ ಸ್ಪೆಷಲ್ ಎಂದು ಹಾಸ್ಯವಾಗಿ ಕರೆಯುವ ಇಂಥ ವಾಚುಗಳು ಆನ್‌ಲೈನ್ ಮಾರಾಟದಲ್ಲಿ ರಾಶಿರಾಶಿಯಾಗಿ ಬಿದ್ದಿವೆ. ಅವುಗಳ ಫೋಟೋಗಳು ಬಹಳ ಚೆನ್ನಾಗಿ ಕಾಣುತ್ತವೆ, ಅನುಮಾನಕ್ಕೆ ಅದೇ ಮೊದಲ ಕಾರಣವಾಗಬೇಕು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೂಪ್ ಜೇಬಿನಲ್ಲಿದ್ದರೆ ಮರುಬಣ್ಣದ ಡಯಲನ್ನು ಒಂದು ನಿಮಿಷದಲ್ಲಿ ಗುರುತಿಸಬಹುದು. ಕಾರ್ಖಾನೆಯ ಮುದ್ರಣದಲ್ಲಿ ಪ್ಯಾರಾಶಾಕ್ (ಏಟು ಬಿದ್ದಾಗ ಯಂತ್ರವನ್ನು ಕಾಯುವ ಏರ್ಪಾಟಿನ ಹೆಸರು) ಎಂಬ ಸಣ್ಣಕ್ಷರಗಳ ಅಂಚು ಚೂಪಾಗಿರುತ್ತದೆ, ಅಕ್ಷರಗಳ ನಡುವಿನ ಅಂತರ ಒಂದೇ ಸಮ ಇರುತ್ತದೆ. ಮರುಮುದ್ರಣದಲ್ಲಿ ಶಾಯಿ ಸ್ವಲ್ಪ ಹರಡಿಕೊಂಡು ಅಕ್ಷರದ ಹೊಟ್ಟೆ ಮುಚ್ಚಿರುತ್ತದೆ, ಸಾಲು ಒಂದು ಕಡೆಗೆ ವಾಲಿರುತ್ತದೆ. ಆಮೇಲೆ ಅಂಚಿನ ನಿಮಿಷದ ಗೆರೆಗಳನ್ನು ಒಂದೊಂದಾಗಿ ನೋಡುತ್ತ ಹೋಗಬೇಕು. ಗೆರೆಯೂ ಗಂಟೆಯ ಗುರುತೂ ಒಂದೇ ನೇರಕ್ಕೆ ಬಾರದಿದ್ದರೆ, ಆರು ಗಂಟೆಯ ಕೆಳಗಿರಬೇಕಾದ ಪುಟ್ಟ ಬರಹ ಕಾಣೆಯಾಗಿದ್ದರೆ ಅಥವಾ ಬಣ್ಣವು ಗಂಟೆಯ ಗುರುತುಗಳ ಬುಡಕ್ಕೆ ಮೆತ್ತಿಕೊಂಡಿದ್ದರೆ ಮುಂದೆ ನೋಡುವ ಅಗತ್ಯವಿಲ್ಲ. ಕತ್ತಲಲ್ಲಿ ಹೊಳೆಯುವ ಲೇಪವಿರುವ ಮಾದರಿಗಳಲ್ಲಿ ಇನ್ನೊಂದು ಸುಳಿವಿದೆ: ಡಯಲಿನ ಲೇಪ ಹೊಚ್ಚಹೊಸದಾಗಿದ್ದು ಮುಳ್ಳುಗಳ ಲೇಪ ಕಂದುಬಣ್ಣಕ್ಕೆ ತಿರುಗಿದ್ದರೆ ಎರಡರಲ್ಲಿ ಒಂದು ಆಮೇಲೆ ಬಂದದ್ದು. ಪೈಲಟ್ ಎಂದರೆ ಕಪ್ಪು ಡಯಲಿನ ಮೇಲೆ ದೊಡ್ಡ ಅಂಕಿಗಳ ವಾಚೆಂದೇ ಹೆಸರು. ಗಿಳಿಹಸಿರು, ಕಿತ್ತಳೆ ಬಣ್ಣದ ಪೈಲಟ್ ಯಾರಾದರೂ ತೋರಿಸಿದರೆ ನಕ್ಕು ಸುಮ್ಮನಾಗಬಹುದು. ಸೈನಿಕರ ಹೆಸರು ಹೊತ್ತ ಜವಾನ್ ಮಾದರಿಗೆ ಬೇಡಿಕೆ ಹೆಚ್ಚಿರುವುದರಿಂದ ಅಲ್ಲಿ ನಕಲಿಯೂ ಹೆಚ್ಚು, ಹಾಗಾಗಿ ಅದನ್ನು ಮೊದಲ ವಾಚಾಗಿ ಕೊಳ್ಳದಿರುವುದೇ ಲೇಸು.

ಹಾಗಾದರೆ ಮೊದಲು ಯಾವುದನ್ನು ಕೊಳ್ಳಬೇಕು? ನನ್ನ ಮಟ್ಟಿಗೆ ಬಿಳಿ ಡಯಲಿನ, ಸ್ವಲ್ಪ ಮಾಸಿದ, ಯಾರೂ ಕೈ ಹಚ್ಚದ ಜನತಾ. ಸುಮಾರು 35 ಮಿಲಿಮೀಟರ್ ಅಗಲದ ಈ ವಾಚು ಇಂದಿನ ದೊಡ್ಡ ವಾಚುಗಳ ಪಕ್ಕದಲ್ಲಿ ಚಿಕ್ಕದೆನಿಸಿದರೂ ಕೈಗೆ ಒಪ್ಪುತ್ತದೆ. ಕೆಲವು ಜನತಾಗಳ ಹೆಸರು ದೇವನಾಗರಿಯಲ್ಲಿದೆ, ಬಹಳ ಹಳೆಯ ಎಚ್‌ಎಂಟಿಗಳ ಡಯಲಿನ ಮೇಲೆ ಸಿಟಿಜನ್ ಎಂಬ ಹೆಸರೂ ಇದೆ. ಇವೆರಡೂ ಸಂಗ್ರಾಹಕರಿಗೆ ಪ್ರಿಯ, ಆದ್ದರಿಂದಲೇ ಮರುಬಣ್ಣದವರಿಗೂ ಪ್ರಿಯ. ತೆಳುವಾದ ಸೋನಾ, ತಾನೇ ಕೀ ಕೊಟ್ಟುಕೊಳ್ಳುವ ಕಾಂಚನ್ ಇವೆಲ್ಲ ಎರಡನೆಯ ಹಂತಕ್ಕೆ ಇರಲಿ.

ವಾಚು ಎಲ್ಲಿ ಸಿಗುತ್ತದೆ ಎಂಬುದಕ್ಕೆ ಮೊದಲ ಉತ್ತರ ಮನೆಯ ಬೀರು. ಮದುವೆಯಲ್ಲಿ ಅಳಿಯನಿಗೆ, ನಿವೃತ್ತಿಯಾದವರಿಗೆ, ಪರೀಕ್ಷೆ ಪಾಸಾದ ಮಗನಿಗೆ ಎಚ್‌ಎಂಟಿ ಕೊಡುವುದು ಒಂದು ಕಾಲದ ವಾಡಿಕೆಯಾಗಿತ್ತು, ಮತ್ತು ಅಂಥ ವಾಚುಗಳ ಹಿಂಬದಿಯಲ್ಲಿ ಹೆಸರು ಮತ್ತು ದಿನಾಂಕ ಕೆತ್ತಿಸಿರುವುದೂ ಉಂಟು. ಕೆತ್ತನೆ ಇದ್ದರೆ ಬೆಲೆ ಇಳಿಯುತ್ತದೆಂದು ಮಾರುವವರು ಅಂದುಕೊಳ್ಳುತ್ತಾರೆ. ನಾನಂತೂ ಅದನ್ನು ಬಯಸಿ ಕೊಳ್ಳುತ್ತೇನೆ, ಏಕೆಂದರೆ ಆ ಮುಚ್ಚಳವನ್ನು ಬಿಡಿಭಾಗಗಳ ಡಬ್ಬಿಯಿಂದ ಹೆಕ್ಕಿ ಕೂಡಿಸಿರುವ ಸಾಧ್ಯತೆ ಕಡಿಮೆ. ಬೆಂಗಳೂರಿನಲ್ಲಿದ್ದರೆ ಚಿಕ್ಕಪೇಟೆಯ ಸುತ್ತಲಿನ ಭಾನುವಾರದ ಸಂತೆಗೆ ಹೋಗಬಹುದು, ಆದರೆ ಕೊಳ್ಳಲೇಬೇಕೆಂಬ ಹಟವಿಟ್ಟುಕೊಂಡು ಹೋಗಬಾರದು.

ವಾಚು ಕೈಗೆ ಬಂದಾಗ ಮಾಡಬೇಕಾದ ಪರೀಕ್ಷೆಗಳು ಹೆಚ್ಚೇನಿಲ್ಲ. ಕೀ ಕೊಡುತ್ತ ಹೋದಂತೆ ಬಿಗಿ ಏರಬೇಕು, ಇಪ್ಪತ್ತೈದು ಮೂವತ್ತು ಸುತ್ತಿನ ಆಸುಪಾಸಿನಲ್ಲಿ ಅದು ಖಚಿತವಾಗಿ ನಿಲ್ಲಬೇಕು. ಕೈಯಿಂದ ಕೀ ಕೊಡುವ ವಾಚು ನಿಲ್ಲದೆ ಸುತ್ತುತ್ತಲೇ ಇದ್ದರೆ ಶಕ್ತಿ ತುಂಬಿಕೊಳ್ಳುವ ಮೇನ್‌ಸ್ಪ್ರಿಂಗ್ ಮುರಿದಿದೆ ಎಂದೇ ತಿಳಿಯಬೇಕು (ಕಾಂಚನ್‌ನಂಥ ಆಟೋಮ್ಯಾಟಿಕ್‌ಗಳಲ್ಲಿ ಸ್ಪ್ರಿಂಗ್ ಜಾರುವಂತೆಯೇ ಮಾಡಿರುವುದರಿಂದ ಈ ಮಾತು ಅವಕ್ಕೆ ಹೊಂದುವುದಿಲ್ಲ). ಕೀಯನ್ನು ಹೊರಕ್ಕೆಳೆದು ಮುಳ್ಳುಗಳನ್ನು ಹನ್ನೆರಡಕ್ಕೆ ತಂದಾಗ ಎರಡೂ ಒಂದರ ಮೇಲೊಂದು ಕೂರಬೇಕು, ತಿರುವುವಾಗ ಸ್ವಲ್ಪ ಪ್ರತಿರೋಧ ಇರಬೇಕು. ಪ್ರತಿರೋಧವೇ ಇಲ್ಲದೆ ಮುಳ್ಳು ಜಾರಿದರೆ ನಿಮಿಷದ ಮುಳ್ಳನ್ನು ಹೊತ್ತ ಕ್ಯಾನನ್ ಪಿನಿಯನ್ ಸಡಿಲಾಗಿದೆ, ಯಂತ್ರ ಸರಿಯಾಗಿ ಓಡಿದರೂ ಮುಳ್ಳು ಹಿಂದೆ ಬೀಳುತ್ತದೆ. ಕೊನೆಗೆ ಮುಚ್ಚಳ ತೆಗೆಸಿ ಒಳಗನ್ನು ನೋಡಬೇಕು. ತೆಗೆಯಲು ಒಪ್ಪದ ಮಾರಾಟಗಾರನ ಬಳಿ ವ್ಯವಹಾರ ಬೇಡ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಒಳಗೆ ಒರಟು ಕೈ ಆಡಿದೆ ಎಂದರ್ಥ, ಕೀಯ ದಂಡದ ಸುತ್ತ ತುಕ್ಕಿದ್ದರೆ ನೀರು ಇಳಿದಿದೆ ಎಂದರ್ಥ. ಮಲೆನಾಡು ಮತ್ತು ಕರಾವಳಿಯ ವಾಚುಗಳಲ್ಲಿ ಈ ತುಕ್ಕನ್ನು ವಿಶೇಷವಾಗಿ ಹುಡುಕಬೇಕು. ಸದ್ಯಕ್ಕೆ ಓಡುತ್ತಿರುವ ವಾಚಿಗೂ ಒಂದು ಸರ್ವಿಸ್ ಖರ್ಚು ಕಾದಿದೆಯೆಂದು ಎಣಿಸಿ, ಅದನ್ನು ಕೂಡಿಸಿಯೇ ಬೆಲೆ ತೂಗಬೇಕು.

ಬಿಚ್ಚುವ ಕೆಲಸ

ಮೊದಲ ಸಲ ಬಿಚ್ಚುವುದಕ್ಕೆ ಒಳ್ಳೆಯ ವಾಚನ್ನು ಆರಿಸಬಾರದು. ಡಯಲ್ ಹಾಳಾದ, ಓಡುತ್ತಿರುವ ಒಂದು 0231 ಯಂತ್ರವನ್ನು ಅಗ್ಗಕ್ಕೆ ತಂದುಕೊಂಡರೆ ಕಲಿಯುವುದಕ್ಕೂ ಆಯಿತು, ಮುಂದೆ ಬಿಡಿಭಾಗಕ್ಕೂ ಆಯಿತು. ಓಡುತ್ತಿರುವುದೇ ಬೇಕು: ಕೆಟ್ಟದ್ದನ್ನು ಬಿಚ್ಚಿ ಕೂಡಿಸಿದ ಮೇಲೆ ಅದು ಓಡದಿದ್ದರೆ ದೋಷ ಹಳೆಯದೋ ನಮ್ಮ ಕೈಯದೋ ತಿಳಿಯುವುದಿಲ್ಲ. ಸಲಕರಣೆಗಳಲ್ಲಿ ಹಣ ಹಾಕಬೇಕಾದದ್ದು ಸ್ಕ್ರೂಡ್ರೈವರ್ ಮತ್ತು ಚಿಮಟಿಗೆ. ಉಳಿದುದರಲ್ಲಿ ಅಗ್ಗದ್ದೇ ನಡೆಯುತ್ತದೆ. 0.8ರಿಂದ 1.6 ಮಿಲಿಮೀಟರ್‌ವರೆಗಿನ ನಾಲ್ಕೈದು ಸ್ಕ್ರೂಡ್ರೈವರ್‌ಗಳು, ಯಂತ್ರ ಹಿಡಿಯುವ ಹೋಲ್ಡರ್, ಮುಳ್ಳು ಎತ್ತುವ ಸನ್ನೆಗಳು, ಗಾಳಿ ಊದುವ ರಬ್ಬರ್ ಬುರುಡೆ ಇದ್ದರೆ ಸಾಕು. ಬಾಯಿಂದ ಊದುವುದು ಬೇಡ, ಉಸಿರಿನ ತೇವವೇ ತುಕ್ಕಿಗೆ ಕಾರಣವಾಗುತ್ತದೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಬೇಕು.

ಎಲ್ಲಕ್ಕಿಂತ ಮೊದಲು ಸ್ಪ್ರಿಂಗಿನಲ್ಲಿ ತುಂಬಿರುವ ಶಕ್ತಿಯನ್ನು ಇಳಿಸಬೇಕು. ಕೀಯನ್ನು ಬೆರಳುಗಳ ನಡುವೆ ಬಿಗಿಯಾಗಿ ಹಿಡಿದು, ಮತ್ತೊಂದು ಕೈಯಿಂದ ಕ್ಲಿಕ್ ಎಂಬ ಪುಟ್ಟ ಕೊಂಡಿಯನ್ನು ಹಿಂದಕ್ಕೆ ತಳ್ಳಿ, ಕೀ ಬೆರಳ ಸಂದಿನಲ್ಲಿ ನಿಧಾನವಾಗಿ ಹಿಂದಕ್ಕೆ ಜಾರುವಂತೆ ಬಿಡಬೇಕು. ಇದನ್ನು ಮರೆತು, ಗಾಲಿಗಳನ್ನು ತಡೆತಡೆದು ಬಿಡುವ ಪ್ಯಾಲೆಟ್ ಫೋರ್ಕಿನ ಸೇತುವೆ (ಮೇಲಿಂದ ಹಿಡಿದಿಡುವ ಪಟ್ಟಿ) ಸಡಿಲಿಸಿದರೆ ಗಾಲಿಗಳೆಲ್ಲ ಒಮ್ಮೆಲೇ ಗಿರ್ರನೆ ತಿರುಗಿ ಹಲ್ಲು ಅಥವಾ ತಿರುಗುಮೊನೆ ಮುರಿಯುತ್ತದೆ. ಆಮೇಲೆ ಮುಳ್ಳುಗಳು, ಡಯಲು, ಗಂಟೆಯ ಗಾಲಿ ಇವುಗಳನ್ನು ತೆಗೆದು ಯಂತ್ರವನ್ನು ಮಗುಚಿಕೊಳ್ಳಬೇಕು. ಮುಳ್ಳು ಎತ್ತುವಾಗ ಡಯಲಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ, ಅಷ್ಟು ಹುಡುಕಿ ತಂದ ಮೂಲ ಡಯಲಿನ ಮೇಲೆ ನಾವೇ ಗೀರು ಹಾಕಿದಂತಾಗುತ್ತದೆ.

ಅತ್ತಿತ್ತ ತೂಗಾಡಿ ವಾಚಿನ ಓಟವನ್ನು ಅಳೆಯುವ ಬ್ಯಾಲೆನ್ಸ್ ತೆಗೆಯುವುದು ಇಡೀ ಕೆಲಸದಲ್ಲಿ ಎದೆ ಹೊಡೆದುಕೊಳ್ಳುವ ಘಟ್ಟ. ಅದರ ಸೇತುವೆಯ ಒಂದೇ ಸ್ಕ್ರೂ ತೆಗೆದು, ಅಂಚಿನ ಕಚ್ಚಿಗೆ ಸ್ಕ್ರೂಡ್ರೈವರ್ ತುದಿ ಕೊಟ್ಟು ಮೆಲ್ಲನೆ ಮೀಟಿದರೆ ಸೇತುವೆ ಏಳುತ್ತದೆ. ಬ್ಯಾಲೆನ್ಸ್ ಗಾಲಿ ಕೂದಲಿನಷ್ಟು ತೆಳ್ಳಗಿನ ಹೇರ್‌ಸ್ಪ್ರಿಂಗ್‌ನಿಂದ ಅದಕ್ಕೆ ನೇತಾಡುತ್ತಿರುತ್ತದೆ. ಆಗ ಅವಸರದಿಂದ ಮೇಲೆತ್ತದೆ, ಗಾಲಿ ಪ್ಯಾಲೆಟ್ ಫೋರ್ಕಿನಿಂದ ಬಿಡಿಸಿಕೊಂಡಿದೆಯೇ ಎಂದು ಪಕ್ಕದಿಂದ ನೋಡಿ, ಸೇತುವೆಯನ್ನು ಸ್ವಲ್ಪ ತಿರುಗಿಸಿ ಹೊರತೆಗೆದು, ಮಗುಚಿ ಇಡಬೇಕು. ಹೇರ್‌ಸ್ಪ್ರಿಂಗ್ ಒಮ್ಮೆ ಹಿಗ್ಗಿತೆಂದರೆ ಅದನ್ನು ನೇರ ಮಾಡುವುದು ಹೊಸಬರ ಕೈಲಾಗುವ ಮಾತಲ್ಲ. ಪ್ಯಾರಾಶಾಕ್‌ನ ಪುಟ್ಟ ಸ್ಪ್ರಿಂಗಿಗೂ ಮೊದಲ ಸಲ ಕೈ ಹಾಕದಿರುವುದು ಒಳ್ಳೆಯದು, ಹಾರಿದರೆ ಅದು ಮತ್ತೆ ಸಿಕ್ಕುವುದಿಲ್ಲ. ಕೀಯ ಕಡೆಗಿರುವ ಕ್ರೌನ್ ವೀಲಿನ ಸ್ಕ್ರೂ ಹಲವು ವಾಚುಗಳಲ್ಲಿ ಎಡಮರೆಯದಾಗಿರುತ್ತದೆ. ಬಿಚ್ಚಿಕೊಳ್ಳದಿದ್ದರೆ ಬಲ ಹಾಕುವ ಮೊದಲು ಎದುರು ದಿಕ್ಕಿಗೆ ತಿರುಗಿಸಿ ನೋಡಬೇಕು.

ತೊಳೆಯಲು ಲೈಟರ್ ಫ್ಲೂಯಿಡ್ ಸಾಕಾಗುತ್ತದೆ, ಬೆಂಕಿಯಿಂದ ದೂರ, ಕಿಟಕಿ ತೆರೆದಿಟ್ಟು. ಭಾಗಗಳನ್ನು ಗಾಜಿನ ಬಟ್ಟಲುಗಳಲ್ಲಿ ಅದ್ದಿ, ಮೃದು ಕುಂಚದಿಂದ ಉಜ್ಜಿ, ಜುವೆಲ್‌ಗಳ ತೂತುಗಳನ್ನು ಚೂಪು ಮಾಡಿದ ಕಡ್ಡಿಯಿಂದ ತಿರುವಿ ಹಳೆಯ ಜಿಡ್ಡು ತೆಗೆಯಬೇಕು. ಸ್ಪಿರಿಟ್ ಬಳಸುವವರು ಒಂದು ವಿಷಯ ತಿಳಿದಿರಲಿ: ಪ್ಯಾಲೆಟ್ ಫೋರ್ಕಿನ ಎರಡು ಕೆಂಪು ಕಲ್ಲುಗಳನ್ನು ಅರಗಿನಿಂದ ಅಂಟಿಸಿರುತ್ತಾರೆ, ಸ್ಪಿರಿಟ್‌ನಲ್ಲಿ ಅರಗು ಕರಗುತ್ತದೆ. ಆದ್ದರಿಂದ ಫೋರ್ಕನ್ನೂ ಬ್ಯಾಲೆನ್ಸನ್ನೂ ಅದರಲ್ಲಿ ನೆನೆಹಾಕಬಾರದು.

ಕೂಡಿಸುವ ಕೆಲಸ ಬಿಚ್ಚಿದ್ದಕ್ಕೆ ಹಿಮ್ಮುಖವಾಗಿ ನಡೆಯುತ್ತದೆ. ಗಾಲಿಗಳ ಮೇಲೆ ಸೇತುವೆ ಇಟ್ಟಾಗ ಎಲ್ಲ ಮೊನೆಗಳೂ ತಂತಮ್ಮ ತೂತಿಗೆ ಕುಳಿತ ಹೊರತು ಸ್ಕ್ರೂ ಬಿಗಿಯಬಾರದು. ಸೇತುವೆಯನ್ನು ಬೆರಳ ತುದಿಯಲ್ಲಿ ಹಗುರಾಗಿ ಒತ್ತಿ, ಗಾಲಿಯನ್ನು ಕಡ್ಡಿಯಿಂದ ಮುಟ್ಟಿದರೆ ಅಷ್ಟೂ ಗಾಲಿಗಳು ಒಟ್ಟಿಗೆ ಸರಾಗವಾಗಿ ತಿರುಗಬೇಕು. ಎಣ್ಣೆಯ ವಿಷಯದಲ್ಲಿ ಜಿಪುಣತನವೇ ಜಾಣತನ. ವೇಗವಾಗಿ ತಿರುಗುವ ಮೊನೆಗಳಿಗೆ ಮೊಬಿಯಸ್ ಕಂಪನಿಯ 9010 ಎಣ್ಣೆ, ನಿಧಾನವಾದವುಗಳಿಗೆ ಗಟ್ಟಿಯಾದ ಎಚ್‌ಪಿ 1300, ಪ್ಯಾಲೆಟ್ ಕಲ್ಲುಗಳಿಗೆ 9415 ಎಂಬುದು ಸಾಮಾನ್ಯ ಕ್ರಮ. ಜುವೆಲಿನ ಬಟ್ಟಲು ಅರ್ಧ ತುಂಬಿದರೆ ಸಾಕು, ಪ್ಯಾಲೆಟ್ ಫೋರ್ಕಿನ ಮೊನೆಗಳಿಗೆ ಎಣ್ಣೆಯೇ ಬೇಡ. ಹೊಲಿಗೆ ಯಂತ್ರದ ಎಣ್ಣೆ ಹಾಕಿ ಓಡಿಸಿದ ವಾಚುಗಳು ಸಂತೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಕೆಲವು ದಿನ ಚುರುಕಾಗಿ ಓಡಿ, ಎಣ್ಣೆ ಹೇರ್‌ಸ್ಪ್ರಿಂಗಿಗೆ ಹರಿದ ಮೇಲೆ ಅವು ಹುಚ್ಚೆದ್ದಂತೆ ಮುಂದೋಡುತ್ತವೆ.

ಓಟ ಮತ್ತು ಹೊಂದಾಣಿಕೆ

0231 ಯಂತ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಮಿಡಿಯುತ್ತದೆ. ಆ ಮಿಡಿತವನ್ನು ಆಲಿಸಿ ಅಳೆಯುವ ಟೈಮ್‌ಗ್ರಾಫರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲ್ ಆ್ಯಪ್‌ಗಳೂ ಒಂದು ಮಟ್ಟಿಗೆ ಸಾಕು. ಪೂರ್ತಿ ಕೀ ಕೊಟ್ಟು ಡಯಲ್ ಮೇಲ್ಮುಖವಾಗಿ ಮಲಗಿಸಿದಾಗ ಬ್ಯಾಲೆನ್ಸಿನ ತೂಗಾಟ 270 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಂತೋಷಪಡಬಹುದು, 200ಕ್ಕಿಂತ ಕೆಳಗಿದ್ದರೆ ಎಲ್ಲೋ ಕೊಳೆಯೋ ತಿಕ್ಕಾಟವೋ ಉಳಿದಿದೆ. ಬ್ಯಾಲೆನ್ಸ್ ಸೇತುವೆಯ ಮೇಲಿನ ಪುಟ್ಟ ಸನ್ನೆಯನ್ನು ಕೂದಲೆಳೆಯಷ್ಟು ಸರಿಸಿದರೂ ದಿನಕ್ಕೆ ಹಲವು ಸೆಕೆಂಡುಗಳ ವ್ಯತ್ಯಾಸವಾಗುತ್ತದೆ. ಹಳೆಯ ಜನತಾ ದಿನಕ್ಕೆ ಇಪ್ಪತ್ತು ಮೂವತ್ತು ಸೆಕೆಂಡು ಆಚೀಚೆ ಆದರೆ ಅದನ್ನು ಕೆಣಕದೆ ಬಿಡಬೇಕು. ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೋಡತೊಡಗಿದರೆ ಬಿಚ್ಚುವ ಮೊದಲು ದಿಕ್ಸೂಚಿಯ ಪಕ್ಕ ಹಿಡಿದು ನೋಡಬೇಕು. ಸೂಜಿ ಅಲುಗಿದರೆ ವಾಚಿಗೆ ಅಯಸ್ಕಾಂತ ಹಿಡಿದಿದೆ, ಸ್ಪೀಕರಿನ ಪಕ್ಕದಲ್ಲೋ ಫೋನಿನ ಕವರಿನ ಮೇಲೋ ಇಟ್ಟದ್ದರ ಫಲವದು. ಅಗ್ಗದ ಡಿಮ್ಯಾಗ್ನೆಟೈಜರ್ ಕ್ಷಣದಲ್ಲಿ ಅದನ್ನು ಸರಿಪಡಿಸುತ್ತದೆ.

ಗಾಜು ಅಕ್ರಿಲಿಕ್ ಆಗಿರುವುದರಿಂದ ಸಣ್ಣ ಗೀರುಗಳನ್ನು ಬ್ರಾಸೊ ಅಥವಾ ಟೂತ್‌ಪೇಸ್ಟ್ ಹಚ್ಚಿ ಬಟ್ಟೆಯಿಂದ ಉಜ್ಜಿ ತೆಗೆಯಬಹುದು. ಕೇಸನ್ನು ಮಾತ್ರ ಪಾಲಿಶ್ ಯಂತ್ರಕ್ಕೆ ಕೊಡಬಾರದು: ಅಂಚುಗಳು ಉರುಟಾಗುತ್ತವೆ, ಲೇಪವಿರುವ ಹಿತ್ತಾಳೆ ಕೇಸಾದರೆ ಲೇಪವೇ ಹೋಗುತ್ತದೆ. ಈ ವಾಚುಗಳನ್ನು ನೀರಿಗೆ ಒಡ್ಡಬಾರದು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣವಿರುವ ಗಾಳಿಯಾಡದ ಡಬ್ಬಿಯಲ್ಲಿಟ್ಟು, ತಿಂಗಳಿಗೊಮ್ಮೆ ತೆಗೆದು ಕೀ ಕೊಡಬೇಕು. ಡಬ್ಬಿಯಲ್ಲಿ ವಾಚಿನ ಜೊತೆ ಒಂದು ಚೀಟಿ ಇರಲಿ: ಎಲ್ಲಿ ಕೊಂಡದ್ದು, ಯಾವ ಭಾಗ ಬದಲಾಯಿಸಿದ್ದು, ಎಣ್ಣೆ ಹಾಕಿದ್ದು ಯಾವಾಗ. ಮುಂದೆ ಮಾರುವಾಗ ಆ ಚೀಟಿಯನ್ನೂ ಕೊಳ್ಳುವವರ ಕೈಗೆ ಕೊಡಬೇಕು, ಬದಲಿಸಿದ ಮುಳ್ಳನ್ನು ಮೂಲದ್ದೆಂದು ಹೇಳಬಾರದು.

ಬ್ಯಾಲೆನ್ಸಿನ ದಂಡ ಮುರಿದದ್ದು, ಹೇರ್‌ಸ್ಪ್ರಿಂಗ್ ಸಿಕ್ಕುಬಿದ್ದದ್ದು, ಜುವೆಲ್ ಬಿರುಕುಬಿಟ್ಟದ್ದು ಇವು ಮೂರನ್ನು ಅನುಭವಿ ರಿಪೇರಿಯವರಿಗೇ ಒಪ್ಪಿಸುವುದು ಸರಿ. ಒಪ್ಪಿಸುವಾಗ ಡಯಲನ್ನು ಬದಲಿಸಬಾರದು, ಬಣ್ಣ ಹಾಕಿಸಬಾರದು ಎಂದು ಬಾಯಿಬಿಟ್ಟು ಹೇಳಿ, ರಸೀದಿಯ ಮೇಲೆ ಬರೆಸಿಕೊಳ್ಳಬೇಕು. ಮಾಸಿದ ಡಯಲನ್ನು ಹೊಳೆಯುವಂತೆ ಮಾಡಿಕೊಟ್ಟರೆ ಗಿರಾಕಿ ಖುಷಿಪಡುತ್ತಾನೆ ಎಂಬ ಒಳ್ಳೆಯ ಮನಸ್ಸಿನಿಂದಲೇ ಹಲವರು ಅದನ್ನು ಮಾಡಿಬಿಡುತ್ತಾರೆ.