ಒಂಟಿ ಕಾಲಲ್ಲಿ ನಿಲ್ಲುವ ಪಾಠ: ಅಡುಗೆಮನೆ ಕಟ್ಟೆಯಿಂದ ಶುರು

ಜೂನ್‌ನಲ್ಲಿ ಎರಡು ಮಳೆ ಬಿದ್ದರೆ ಸಾಕು, ನನಗೆ ಫೋನ್ ಜಾಸ್ತಿ. ಉಡುಪಿ ಸುತ್ತಮುತ್ತ ಮನೆಗಳಿಗೆ ಹೋಗಿ ಫಿಸಿಯೊಥೆರಪಿ ಮಾಡಿಸುವುದು ನನ್ನ ಕೆಲಸ. ಮುರಕಲ್ಲಿನ ಮೆಟ್ಟಿಲಿಗೆ ಪಾಚಿ ಕಟ್ಟಿತ್ತು, ಅಪ್ಪ ಜಾರಿದರು. ಅಂಗಳದಲ್ಲಿ ಅಮ್ಮ ಬಿದ್ದರು, ಮಣಿಕಟ್ಟು ಮುರಿಯಿತು. ಇಂಥದ್ದೇ ಸುದ್ದಿ. ಜೊತೆಗೆ ಒಂದು ಮಾತು ಬಂದೇ ಬರುತ್ತದೆ: "ದಿನಾ ಬೆಳಿಗ್ಗೆ ನಾಲ್ಕು ಕಿಲೋಮೀಟರ್ ವಾಕಿಂಗ್ ಮಾಡ್ತಾರೆ ಮಾರಾಯ್ರೆ, ಆದ್ರೂ ಹೇಗೆ ಬಿದ್ರು?"

ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಶುಗರ್‌ಗೂ ಒಳ್ಳೆಯದು. ಆದರೆ ಬೀಳದೆ ಇರಲು ಅದೊಂದೇ ಸಾಲದು. ವೈದ್ಯಕೀಯ ಪ್ರಯೋಗಗಳನ್ನು ಕಲೆಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ಪರಿಶೀಲನೆ 108 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಅರುವತ್ತು ದಾಟಿದ 23 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಅದು. ವ್ಯಾಯಾಮ ಮಾಡಿದವರಲ್ಲಿ ಬೀಳುವುದು ಸುಮಾರು ಶೇ 23ರಷ್ಟು ಕಡಿಮೆ. ಗುಣ ಚೆನ್ನಾಗಿ ಕಂಡದ್ದು ಸಮತೋಲನದ ಅಭ್ಯಾಸ ಮಾಡಿದವರಲ್ಲಿ. ಬರೀ ನಡೆದವರಲ್ಲಿ ಅಂಥ ಸ್ಪಷ್ಟ ಗುಣ ಕಾಣಲಿಲ್ಲ.

ಯಾಕೆ ಹೀಗೆ? ನಾವು ನಿಂತಿದ್ದೇವೆ ಅಂದುಕೊಂಡಾಗಲೂ ಸಣ್ಣಗೆ ತೂಗಾಡುತ್ತಲೇ ಇರುತ್ತೇವೆ. ಕಣ್ಣು ಒಂದು ಸುದ್ದಿ ಕೊಡುತ್ತದೆ, ಒಳಕಿವಿ ಒಂದು, ಪಾದ ಮತ್ತು ಕೀಲುಗಳು ಇನ್ನೊಂದು. ಮೆದುಳು, ಅದರಲ್ಲೂ ಕಿರುಮೆದುಳು, ಮೂರನ್ನೂ ಕೂಡಿಸಿ ಕಾಲಿನ ಸ್ನಾಯುಗಳಿಗೆ "ಇತ್ತ ಎಳಿ, ಅತ್ತ ಬಿಡು" ಅನ್ನುತ್ತದೆ. ವಯಸ್ಸಾದಂತೆ ಸುದ್ದಿ ಮಸುಕಾಗುತ್ತದೆ, ಸ್ನಾಯು ತಡವಾಗಿ ಏಳುತ್ತದೆ. ಹಿಂದಿನವರಿಗೆ ಗದ್ದೆಯ ಹುಣಿ, ಅಂದರೆ ಕಿರಿದಾದ ಬದು, ಇತ್ತು. ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಕಾಲುಸಂಕ ಇತ್ತು. ದಿನಕ್ಕೆ ನಾಲ್ಕು ಸಲ ವಾಲಿ, ನಾಲ್ಕು ಸಲ ಸರಿಮಾಡಿಕೊಳ್ಳುತ್ತಿದ್ದರು. ಈಗ ಅಂಗಳಕ್ಕೆ ಇಂಟರ್‌ಲಾಕ್, ರಸ್ತೆಗೆ ಕಾಂಕ್ರೀಟ್. ವಾಲುವುದೇ ಇಲ್ಲವಾದರೆ ಸರಿಮಾಡಿಕೊಳ್ಳುವುದು ಕಲಿಯುವುದು ಎಲ್ಲಿಂದ? ಆ ವಾಲಾಟವನ್ನು ಬೀಳದ ಹಾಗೆ ಮನೆಯೊಳಗೆ ತಂದುಕೊಳ್ಳುವುದೇ ಈ ಅಭ್ಯಾಸ.

ಮೊದಲು ಒಂದು ತಡೆ. ಹಾಸಿಗೆಯಲ್ಲಿ ಹೊರಳಿದಾಗ ಕೋಣೆ ತಿರುಗಿದಂತೆ ಆಗುತ್ತದಾ? ಎದ್ದು ನಿಂತರೆ ಕಣ್ಣು ಕತ್ತಲೆಯಾ? ಪಾದ ಜೋಮು ಹಿಡಿದಂತೆ ಇರುತ್ತದಾ? ಈಚೆಗೆ ಬಿದ್ದಿದ್ದೀರಾ? ಹಾಗಿದ್ದರೆ ಡಾಕ್ಟರಿಗೆ ತೋರಿಸಿ, ಆಮೇಲೆ ಶುರು ಮಾಡಿ. ಹೊರಳಿದಾಗ ಬರುವ ತಲೆಸುತ್ತು ಎಷ್ಟೋ ಸಲ ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿದ್ದರಿಂದ ಬರುತ್ತದೆ. ತಲೆಯನ್ನು ಕ್ರಮವಾಗಿ ತಿರುಗಿಸಿ ಅದನ್ನು ಸರಿಮಾಡುವ ವಿಧಾನ ಉಂಟು. ವ್ಯಾಯಾಮದಿಂದ ಅದನ್ನು ಗೆಲ್ಲಲು ಹೋಗಬೇಡಿ.

ಹಂತ 1: ಜಾಗ. ಅಡುಗೆಮನೆಯ ಗ್ರಾನೈಟ್ ಕಟ್ಟೆಗಿಂತ ಒಳ್ಳೆಯ ಜಾಗ ನಾನು ನೋಡಿಲ್ಲ. ಸೊಂಟದ ಎತ್ತರ, ಅಲ್ಲಾಡುವುದಿಲ್ಲ. ಪ್ಲಾಸ್ಟಿಕ್ ಕುರ್ಚಿ ಹಿಡಿಯಲೇಬೇಡಿ, ನೀವು ಬಿದ್ದರೆ ಅದೂ ನಿಮ್ಮ ಜೊತೆ ಬರುತ್ತದೆ. ನೆಲ ಒಣಗಿರಲಿ. ಬರಿಗಾಲು, ಸಾಕ್ಸ್ ಬೇಡ. ದಪ್ಪ ಸ್ಪಂಜಿನ ಶೂವೂ ಬೇಡ, ನೆಲದ ಸುದ್ದಿ ಪಾದಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ದುಂಡು ತಳದ ಪ್ಲಾಸ್ಟಿಕ್ ಹಲಗೆ ಇದೆಯಲ್ಲ, ಮಗ ದುಬೈಯಿಂದ ಆರ್ಡರ್ ಮಾಡಿ ಕಳಿಸುವುದು, ಅದನ್ನು ಮಂಚದ ಕೆಳಗೆ ತಳ್ಳಿಬಿಡಿ. ನೆಲದ ಮೇಲೆ ನಿಲ್ಲಲು ಬಾರದವರಿಗೆ ಅದು ಬೀಳಿಸುವ ಯಂತ್ರ.

ಹಂತ 2: ಗೋಡೆಗೆ ಒತ್ತಿಟ್ಟ ಗಟ್ಟಿ ಮರದ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಕೂರುವಾಗ ಧೊಪ್ಪನೆ ಬೀಳಬೇಡಿ, ನಿಧಾನ.

ಹಂತ 3: ಕಟ್ಟೆ ಪಕ್ಕದಲ್ಲಿ ಪಾದ ಜೋಡಿಸಿ ನಿಲ್ಲಿ. ಸಲೀಸಾದರೆ ಒಂದು ಪಾದ ಅರ್ಧ ಮುಂದೆ. ಅದೂ ಸಲೀಸಾದರೆ ಹಿಮ್ಮಡಿಗೆ ಹೆಬ್ಬೆರಳು ತಾಗುವಂತೆ ಒಂದರ ಮುಂದೆ ಒಂದು. ಪ್ರತಿಯೊಂದೂ 10 ಸೆಕೆಂಡ್. ಇಷ್ಟು ಆಗದೆ ಮುಂದಿನದಕ್ಕೆ ಹೋಗುವುದು ಬೇಡ.

ಹಂತ 4: ಒಂಟಿ ಕಾಲು. ಎಲ್ಲರೂ ಕೆಡಿಸುವುದು ಇಲ್ಲೇ.

ಅಂಬಲಪಾಡಿಯ ಒಬ್ಬರು ನಿವೃತ್ತ ಮೇಷ್ಟ್ರು ನನಗೆ ಮಾಡಿ ತೋರಿಸಿದರು. ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು, ಉಸಿರು ಕಟ್ಟಿ, ಪಾದ ನೋಡುತ್ತಾ, ಒಂದು ಮೊಣಕಾಲನ್ನು ಎದೆವರೆಗೆ ಎತ್ತಿ ಒಂದು ನಿಮಿಷ ನಿಂತರು. ಮುಖ ಕೆಂಪು. "ಹೇಗೆ?" ಅಂದರು. ಸರಳು ಬಲವಾಗಿದೆ ಅಂದೆ.

ಸರಿಯಾದ ಕ್ರಮ ಬೇರೆ. ಕಾಲು ಎತ್ತುವುದು ಕೊನೆಯ ಕೆಲಸ, ಭಾರ ದಾಟಿಸುವುದು ಮೊದಲ ಕೆಲಸ. ಎರಡೂ ಪಾದ ನೆಲದ ಮೇಲಿರುವಾಗಲೇ ಸೊಂಟವನ್ನು ಮೆಲ್ಲಗೆ ಬಲಗಾಲಿನ ಮೇಲೆ ತನ್ನಿ. ಭುಜ ವಾಲಿಸಬೇಡಿ, ಸೊಂಟ ಮಾತ್ರ ಸರಿಯಲಿ. ಬಲಪಾದದ ಮೂರು ಜಾಗ ನೆಲಕ್ಕೆ ಒತ್ತಿದೆಯಾ ನೋಡಿಕೊಳ್ಳಿ: ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ. ಬೆರಳುಗಳಿಂದ ನೆಲ ಪರಚಬೇಡಿ. ಮೊಣಕಾಲು ಬೀಗ ಹಾಕಿದಂತೆ ನೆಟ್ಟಗೆ ಬೇಡ, ಕೂದಲೆಳೆಯಷ್ಟು ಸಡಿಲ ಇರಲಿ. ಈಗ ಎಡಗಾಲಿನ ಹಿಮ್ಮಡಿ ಏಳಲಿ, ಆಮೇಲೆ ಬೆರಳು. ಒಂದು ಅಂಗುಲ ಸಾಕು. ಎತ್ತಿದ ಕಾಲನ್ನು ಇನ್ನೊಂದಕ್ಕೆ ಆನಿಸಬೇಡಿ, ಅದು ಮೋಸ.

ಕಣ್ಣು ಪಾದದ ಮೇಲಲ್ಲ, ಮುಖದ ಎತ್ತರದ ಒಂದು ವಸ್ತುವಿನ ಮೇಲೆ. ಮೆಣಸಿನ ಪುಡಿ ಡಬ್ಬದ ಲೇಬಲ್ ಆದರೂ ಸರಿ. ಜೋರಾಗಿ ಎಣಿಸಿ. ಎಣಿಸುವವರಿಗೆ ಉಸಿರು ಕಟ್ಟಲು ಆಗುವುದಿಲ್ಲ. ತುಳುವಿನಲ್ಲಿ ಎಣಿಸಿದರೂ ಅಡ್ಡಿ ಇಲ್ಲ.

ಕೈಯ ವಿಷಯ ಕೇಳಿ. ಕಟ್ಟೆಯನ್ನು ಹಿಡಿಯಬಾರದು, ಮುಟ್ಟಬೇಕು. ಮೊದಲ ವಾರ ಎರಡೂ ಕೈಯ ಬೆರಳ ತುದಿ. ಆಮೇಲೆ ಒಂದು ಕೈ. ಆಮೇಲೆ ಎರಡು ಬೆರಳು, ಒಂದು ಬೆರಳು. ಕೊನೆಗೆ ಕಟ್ಟೆಯ ಮೇಲೆ ಅರ್ಧ ಅಂಗುಲ ಎತ್ತರದಲ್ಲಿ ಕೈ ಸುಮ್ನೆ ಇರಲಿ. ಒಂದು ಬೆರಳು ತಾಗಿದರೂ ತೂಗಾಟ ಎಷ್ಟೋ ಇಳಿಯುತ್ತದೆ. ಆ ಬೆರಳು ಭಾರ ಹೊರುವುದಿಲ್ಲ, ಸುದ್ದಿ ಕೊಡುತ್ತದೆ. ಬಿಗಿ ಹಿಡಿದರೆ ಮಾತ್ರ ಕೆಲಸ ಪೂರಾ ಕೈಗೆ ಹೋಗಿ ಕಾಲು ರಜೆ ಹಾಕುತ್ತದೆ.

ಪಾದದ ಗಂಟು ನಡುಗುತ್ತದೆ. ಹೆದರಿ ಕಾಲು ಇಳಿಸುವವರೇ ಜಾಸ್ತಿ. ಆ ನಡುಕವೇ ವ್ಯಾಯಾಮ. ಸಣ್ಣ ವಾಲಾಟವನ್ನು ಪಾದದ ಗಂಟು ತಿದ್ದುತ್ತದೆ, ಅದಕ್ಕೆ ಆಗದಿದ್ದರೆ ಸೊಂಟ ಬಳುಕುತ್ತದೆ, ಅದೂ ಸಾಲದಿದ್ದರೆ ಕಾಲು ಒಂದು ಹೆಜ್ಜೆ ಇಡುತ್ತದೆ. ಸೊಂಟ ಗಿರಗಿರ ಬಳುಕಲು ಶುರುವಾದರೆ ಬೆರಳು ತಾಗಿಸಿ. ಹೆಜ್ಜೆ ಇಡಬೇಕಾಗಿ ಬಂದರೆ ಇಡಿ. ಅದು ಸೋಲಲ್ಲ, ಪಾಚಿಯ ಮೇಲೆ ನಿಮ್ಮನ್ನು ಉಳಿಸುವುದು ಆ ಹೆಜ್ಜೆಯೇ.

ಒಂದೊಂದು ಕಾಲಿಗೆ ಮೂರು ಸಲ, ಹತ್ತು ಸೆಕೆಂಡ್. ಅಳುಕುವ ಕಾಲಿನಿಂದ ಶುರು. ವಾರಗಳು ಕಳೆದಂತೆ 30 ಸೆಕೆಂಡಿಗೆ ಏರಿಸಿ. 2022ರಲ್ಲಿ ಬ್ರೆಜಿಲ್‌ನ ಅಧ್ಯಯನವೊಂದು ಬಂದ ಮೇಲೆ ಈ ಹತ್ತು ಸೆಕೆಂಡಿಗೆ ದೊಡ್ಡ ಹೆಸರು ಬಂತು. 51ರಿಂದ 75 ವರ್ಷದವರಲ್ಲಿ ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲಲಾಗದವರು ಮುಂದಿನ ವರ್ಷಗಳಲ್ಲಿ ಸಾಯುವ ಸಂಭವ ಹೆಚ್ಚು ಅಂತ ಅದರಲ್ಲಿ ಕಂಡಿತು. ಅದನ್ನು ವಾಟ್ಸ್ಆ್ಯಪ್‌ನಲ್ಲಿ ನೋಡಿ ಬೆಡ್‌ರೂಮಿನ ನಡುವೆ, ಹಿಡಿಯಲು ಏನೂ ಇಲ್ಲದೆ ಪರೀಕ್ಷೆ ಮಾಡಿಕೊಂಡು ಬಿದ್ದವರನ್ನು ನಾನು ಕಂಡಿದ್ದೇನೆ. ನಿಲ್ಲಲಾಗದಿರುವುದು ಆರೋಗ್ಯ ಕುಂದಿದ ಒಂದು ಗುರುತು ಇರಬಹುದು. ಜಾತಕ ಅಲ್ಲ.

ಹಂತ 5: ತೊಂದರೆ ಕೊಡಿ. ಹಂತ 3ರ ಭಂಗಿಯಲ್ಲಿ ನಿಂತು ತಲೆಯನ್ನು ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಗಿಸಿ. ನಾವು ಬೀಳುವುದು ಯಾರೋ ಕರೆದಾಗ ತಿರುಗಿ ನೋಡಿಯೇ ಅಲ್ವಾ? ಆಮೇಲೆ ಕಣ್ಣು ಮುಚ್ಚುವುದು. ಎರಡೂ ಪಾದ ನೆಲದಲ್ಲಿ, ಗೋಡೆ ಮೂಲೆಗೆ ಬೆನ್ನು ಮಾಡಿ, ಎದುರಿಗೆ ಮನೆಯವರೊಬ್ಬರು ಇರುವಾಗ ಮಾತ್ರ. ಕಣ್ಣು ಮುಚ್ಚಿಸಿ ತೂಗಾಟ ನೋಡುವ ಪರೀಕ್ಷೆಗೆ 19ನೇ ಶತಮಾನದ ಜರ್ಮನ್ ವೈದ್ಯ ರೊಂಬರ್ಗ್ ಹೆಸರಿದೆ. ಪಾದದ ಸುದ್ದಿ ಮಂದವಾದವರು ಕಣ್ಣು ಮುಚ್ಚುವವರೆಗೆ ಕಣ್ಣಿನ ಸಾಲದಲ್ಲಿ ನಿಂತಿರುತ್ತಾರೆ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ವಾಲುವುದು ಇದಕ್ಕೇ. ಒಂಟಿ ಕಾಲಲ್ಲಿ ಕಣ್ಣು ಮುಚ್ಚುವ ಸಾಹಸ ಅರುವತ್ತು ದಾಟಿದವರು ಮಾಡಲೇಬಾರದು ಅನ್ನುತ್ತೇನೆ.

ಹಂತ 6: ಟೈಲ್ಸ್ ಗೆರೆಯ ಮೇಲೆ ಹುಣಿಯ ನಡಿಗೆ, ಒಂದು ಪಾದದ ನೇರ ಮುಂದೆ ಇನ್ನೊಂದು, ಕಟ್ಟೆಗೆ ಬೆರಳು ತಾಗಿಸಿ. ಮುಂದಕ್ಕೆ ಹತ್ತು ಹೆಜ್ಜೆ, ಆಮೇಲೆ ಹಿಂದಕ್ಕೆ. ಇದು ಪಳಗಿದ ಮೇಲೆ, ಮಳೆಗಾಲ ಮುಗಿದು ಕಡಲು ತಣ್ಣಗಾದಾಗ, ಮಲ್ಪೆ ಬೀಚಿಗೆ ಹೋಗಿ. ಮೊದಲು ನೀರಂಚಿನ ಗಟ್ಟಿ ಮರಳು, ತಿಂಗಳ ನಂತರ ಮೇಲಿನ ಒಣ ಮರಳು. ಪಾದ ಹೂಳುವ ಆ ಒಣ ಮರಳು ಯಾವ ಜಿಮ್‌ಗೂ ಕಡಿಮೆಯಲ್ಲ, ಫೀಸೂ ಇಲ್ಲ.

ಹೊತ್ತಿನ ಬಗ್ಗೆ ಒಂದು ಮಾತು. ವ್ಯಾಯಾಮ ತಿಂಗಳುಗಟ್ಟಲೆ ಮಾಡಿದರೆ ಸಮತೋಲನ ಕೂಡುತ್ತದೆ, ಆದರೆ ದಣಿದ ಆ ಗಳಿಗೆಯಲ್ಲಿ ಕಳೆಯುತ್ತದೆ. ಕಾಲಿನ ಸ್ನಾಯು ಸೋತಾಗ ತೂಗಾಟ ಹೆಚ್ಚುತ್ತದೆ, ಸುಧಾರಿಸಲು ಹತ್ತಿಪ್ಪತ್ತು ನಿಮಿಷ ಬೇಕು. ತೋಟದಲ್ಲಿ ದಿನವಿಡೀ ತೆಂಗಿನಕಾಯಿ ಹೊತ್ತು ಬಂದು, ಬೆವರಿಳಿಯುತ್ತಿರುವಾಗಲೇ ಒದ್ದೆ ಬಚ್ಚಲಿಗೆ ಹೋಗುವವರು ಇದನ್ನು ನೆನಪಿಡಬೇಕು. ಒಂದು ಲೋಟ ನೀರು ಕುಡಿದು ಚಾವಡಿಯಲ್ಲಿ ಸ್ವಲ್ಪ ಕೂತು ಹೋಗಿ. ಹಂತ 4ನ್ನು ಕೂಡ ವಾಕಿಂಗ್‌ಗಿಂತ ಮೊದಲು ಮಾಡಿ.

65 ದಾಟಿದವರು ವಾರಕ್ಕೆ ಮೂರು ದಿನವಾದರೂ ಇಂಥ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಾನು ದಿನಾ ಅನ್ನುತ್ತೇನೆ. ಮೂರು ದಿನ ಅಂದರೆ ನಮ್ಮವರು ಒಂದು ದಿನ ಮಾಡುತ್ತಾರೆ. ನಿಲ್ಲಿಸಿದರೆ ಗಳಿಸಿದ್ದು ಕೆಲವೇ ವಾರಗಳಲ್ಲಿ ಕರಗಲು ಶುರು. ಹಾಲು ಉಕ್ಕುವವರೆಗೆ ಬಲಗಾಲು, ಚಹಾ ಕುದಿಯುವವರೆಗೆ ಎಡಗಾಲು. ಒಲೆ ಹೊತ್ತಿಸಿದ್ದರೆ ಅದರ ಕಡೆ ಕೈ ಚಾಚಬೇಡಿ, ಸಿಂಕ್ ಇರುವ ಕಡೆ ನಿಲ್ಲಿ.

ಅಂದ ಹಾಗೆ ಮೆಟ್ಟಿಲ ಪಾಚಿಗೆ ಈ ಯಾವ ಹಂತವೂ ಮದ್ದಲ್ಲ. ಬ್ಲೀಚಿಂಗ್ ಪೌಡರ್ ಹಾಕಿ, ಗಟ್ಟಿ ಬ್ರಶ್‌ನಲ್ಲಿ ಉಜ್ಜಿ. ಉಜ್ಜುವ ಕೆಲಸ ಮಾತ್ರ ಮಗನಿಗೆ ಕೊಡಿ.