ಬೋರ್‌ವೆಲ್ ನೀರು ಬೀಜಕ್ಕೆ ಒಗ್ಗುತ್ತದೋ? ಟ್ರೇ ತುಂಬುವ ಮೊದಲೇ ನೋಡಿಕೊಳ್ಳಿ
ಒಂದೇ ಪ್ಯಾಕೆಟ್ಟಿನ 50 ಬೀಜ ಬೋರ್‌ವೆಲ್ ನೀರಲ್ಲಿ ನೆನೆಸಿದ ಟಿಶ್ಯೂ ಕಾಗದದ ಮೇಲೆ, ಇನ್ನು 50 ಮಳೆನೀರಿನ ಕಾಗದದ ಮೇಲೆ ಹರಡಿ, ಎರಡನ್ನೂ ಬಿಗಿ ಮುಚ್ಚಳದ ಡಬ್ಬಿಗಳಲ್ಲಿ ಒಂದೇ ಜಾಗದಲ್ಲಿಡಿ. ಟೊಮೇಟೊಗೆ 10 ದಿನ, ಮೆಣಸಿನಕಾಯಿಗೆ 14 ದಿನ ಕಾಯಿರಿ. ಬೋರ್‌ವೆಲ್ ಡಬ್ಬಿಯಲ್ಲಿ ಹತ್ತಕ್ಕಿಂತ ಹೆಚ್ಚು ಬೀಜ ಹಿಂದೆ ಬಿದ್ದರೆ ನೀರಿನ ಉಪ್ಪನ್ನೇ ಅನುಮಾನಿಸಿ. ಉಪ್ಪು ಹೆಚ್ಚಿದ್ದರೆ ಸುತ್ತ ತೇವವಿದ್ದರೂ ಬೀಜ ಅದನ್ನು ಎಳೆದುಕೊಳ್ಳಲಾರದು. ಟ್ರೇಯಲ್ಲಂತೂ ನೀರು ಆರಿದಂತೆಲ್ಲ ಉಪ್ಪು ಮೇಲ್ಪದರದಲ್ಲೇ, ಅಂದರೆ ಬೀಜದ ಪಕ್ಕದಲ್ಲೇ ಉಳಿಯುತ್ತದೆ. ಕುದಿಸಿದರೆ ಈ ಉಪ್ಪು ಹೋಗದು, ಸೋಸಿದರೂ ಅಷ್ಟೇ. ಮೊದಲೆರಡು ಎಲೆ ಬಿಚ್ಚುವ ತನಕ ಅರ್ಧಕ್ಕರ್ಧ ಮಳೆನೀರು ಬೆರೆಸಿ: ಇಸಿ ಮೀಟರಿನಲ್ಲಿ (ನೀರಿನ ಉಪ್ಪನ್ನು ವಿದ್ಯುತ್ ಹರಿವಿನಿಂದ ಅಂದಾಜಿಸುವ ಸಾಧನ) 2 mS/cm ತೋರಿಸುವ ನೀರು ಸುಮಾರು 1ಕ್ಕೆ ಇಳಿಯುತ್ತದೆ. ಬೀನ್ಸ್, ಕ್ಯಾರೆಟ್, ಈರುಳ್ಳಿಗೆ ಅದೂ ಜಾಸ್ತಿಯೇ, 0.7ರ ಆಸುಪಾಸಿಗೆ ತನ್ನಿ. ಬೀಟ್‌ರೂಟ್ ಬೆಳೆದ ಮೇಲೆ ಉಪ್ಪು ತಡೆದರೂ ಮೊಳಕೆಯಲ್ಲಿ ಅದೂ ನಾಜೂಕು. ಎರಡೂ ಡಬ್ಬಿ ಸೋತರೆ ನೀರನ್ನು ಬೈಯಬೇಡಿ, ಬೀಜವೇ ಹಳತಾಗಿರಬಹುದು. ಡಬ್ಬಿಯಲ್ಲಿ ಚೆನ್ನಾಗಿ ಬಂದು ಟ್ರೇಯಲ್ಲಿ ಕೈಕೊಟ್ಟರೆ ತೊಳೆಯದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ನೋಡಿ, ಅದರಲ್ಲೂ ಉಪ್ಪಿರಬಹುದು. ಗಡಸು ನೀರಿನ ಕಾಟವನ್ನು ಮಾತ್ರ ಈ ಪರೀಕ್ಷೆ ಹಿಡಿಯುವುದಿಲ್ಲ. ಮೊಳಕೆ ಸರಿಯಾಗಿಯೇ ಬಂದು, ಆಮೇಲೆ ಎಳೆ ಎಲೆ ಹಳದಿಯಾಗುತ್ತದೆ.